ಒಂದೇ ಗಿಡ, ಎರಡು ಗುಣ: ಭಂಗಿಯ ಮುಖ್ಯ ರಾಸಾಯನಿಕಗಳ ವಿವೇಚನೆ

ಮುಂಡಗೋಡ ತಾಲೂಕಿನ ಚಿಗಳ್ಳಿ ಹಾಗೂ ಅದರ ಸುತ್ತಣ ಗ್ರಾಮಗಳು ಅರೆಮಲೆನಾಡಿನ ಸೀಮೆಗೆ ಸೇರಿದವು. ಭತ್ತ, ಗೋವಿನಜೋಳ, ಹತ್ತಿ ಬೆಳೆಯುವ ಈ ಭಾಗದಲ್ಲಿ ಪುಂಡಿಯನ್ನು ಅರಿಯದ ಮನೆಯಿಲ್ಲ. ರೊಟ್ಟಿಯ ಜೊತೆಗೆ ಪುಂಡಿಪಲ್ಯ, ದನ ಕಟ್ಟಲು ಪುಂಡಿನಾರಿನ ಹಗ್ಗ ಎರಡೂ ಹಿರಿಯರ ಕಾಲದಿಂದ ಬಂದವು. ನಾರಿಗಾಗಿ ಬೆಳೆಯುವ ಪುಂಡಿಯ ಎಲೆಯು ಬೆರಳು ಬಿಡಿಸಿದ ಅಂಗೈಯಂತೆ ಸೀಳಿಕೊಂಡಿರುತ್ತದೆ. ಭಂಗಿಯ ಎಲೆಯ ರೂಪವೂ ಹೆಚ್ಚುಕಡಿಮೆ ಹಾಗೆಯೇ. ಆದಕಾರಣ ಸಸ್ಯವಿಜ್ಞಾನಿಗಳು ಪುಂಡಿಗೆ ‘ಹೈಬಿಸ್ಕಸ್ ಕ್ಯಾನಬಿನಸ್’, ಅಂದರೆ ಭಂಗಿಯನ್ನು ಹೋಲುವ ದಾಸವಾಳದ ಜಾತಿ ಎಂದು ಹೆಸರಿಟ್ಟರು. ಗದ್ದೆಗೆ ಹಸಿರುಗೊಬ್ಬರವಾಗಿ ಬಿತ್ತುವ ಸೆಣಬನ್ನು ಇಂಗ್ಲಿಷ್ ಗ್ರಂಥಗಳು ‘ಸನ್ ಹೆಂಪ್’ ಎನ್ನುತ್ತವೆ. ಭಂಗಿಯನ್ನೂ ಅವು ‘ಹೆಂಪ್’ ಎಂದೇ ಕರೆಯುತ್ತವೆ. ವಸ್ತುತಃ ಈ ಮೂರೂ ಬೇರೆ ಬೇರೆ ಕುಲದ ಸಸ್ಯಗಳು. ಪುಂಡಿಯನ್ನಾಗಲಿ ಸೆಣಬನ್ನಾಗಲಿ ಬೆಳೆದವನಿಗೆ ಯಾವ ಅಂಜಿಕೆಯೂ ಬೇಕಿಲ್ಲ.

ಹೆಸರು ಒಂದಾದ ಮಾತ್ರಕ್ಕೆ ಗುಣ ಒಂದಾಗದು ಎಂಬ ಈ ಸರಳ ಪಾಠವು ಭಂಗಿಯ ಗಿಡದ ಒಳಗೂ ಅನ್ವಯಿಸುತ್ತದೆ. ಇಂದಿನ ವಿದ್ಯಾರ್ಥಿಯ ಕಿವಿಗೆ ಈ ಗಿಡದ ಬಗ್ಗೆ ಎರಡು ಮಾತು ಬೀಳುತ್ತವೆ. ‘ಅದು ಕೇವಲ ಸೊಪ್ಪು, ವಿದೇಶಗಳಲ್ಲಿ ವೈದ್ಯರೇ ಔಷಧವೆಂದು ಕೊಡುತ್ತಾರೆ’ ಎಂಬುದು ಒಂದು. ‘ಒಮ್ಮೆ ಮುಟ್ಟಿದರೆ ಬುದ್ಧಿಭ್ರಮಣೆ ತಪ್ಪದು’ ಎಂಬುದು ಮತ್ತೊಂದು. ಎರಡರಲ್ಲಿಯೂ ಸತ್ಯದ ಅಂಶವುಂಟು. ಆದರೆ ಎರಡೂ ಪೂರ್ಣಸತ್ಯವಲ್ಲ. ಗಿಡದಲ್ಲಿರುವ ಯಾವ ವಸ್ತು, ಎಷ್ಟು ಪ್ರಮಾಣದಲ್ಲಿ, ಯಾವ ಮಾರ್ಗದಿಂದ, ಯಾವ ವಯಸ್ಸಿನವನ ದೇಹವನ್ನು ಸೇರುತ್ತದೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳದೆ ಆಡುವ ಮಾತು ಯಾವುದೇ ಇರಲಿ, ಅದು ಹಾದಿ ತಪ್ಪಿಸುತ್ತದೆ. ಈ ಪ್ರಶ್ನೆಗಳಿಗೆ ವಿಜ್ಞಾನವು ಕೊಟ್ಟಿರುವ ಉತ್ತರವನ್ನು ಶಿಕ್ಷಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ.

೧. ಗಿಡವೂ ಅದರ ಭಾಗಗಳೂ

ಭಂಗಿಗೆ ೧೭೫೩ರಲ್ಲಿ ಲಿನೇಯಸ್ ಎಂಬ ಸ್ವೀಡನ್ ದೇಶದ ವಿದ್ವಾಂಸನು ‘ಕ್ಯಾನಬಿಸ್ ಸಟೈವಾ’ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟನು. ಇದರಲ್ಲಿ ಗಂಡು ಗಿಡ, ಹೆಣ್ಣು ಗಿಡಗಳು ಸಾಮಾನ್ಯವಾಗಿ ಬೇರೆಬೇರೆಯಾಗಿರುತ್ತವೆ. ಹೆಣ್ಣು ಗಿಡದ ಹೂಗೊಂಚಲಿನ ಮೇಲೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರೋಮಗ್ರಂಥಿಗಳು ಇರುತ್ತವೆ. ಅವುಗಳಿಂದ ಒಸರುವ ಅಂಟುರಾಳದಲ್ಲಿಯೇ ಈ ಗಿಡದ ಬಲವೆಲ್ಲ ಅಡಗಿದೆ. ಎಲೆಯಿಂದ ತಯಾರಾಗುವುದು ಭಂಗಿ. ಹೂಗೊಂಚಲನ್ನು ಒಣಗಿಸಿದರೆ ಗಾಂಜಾ. ರಾಳವನ್ನೇ ಬೇರ್ಪಡಿಸಿದರೆ ಚರಸ್. ರಾಳವು ಹೆಚ್ಚಿದಂತೆಲ್ಲ ಅಮಲಿನ ತೀಕ್ಷ್ಣತೆಯೂ ಹೆಚ್ಚುತ್ತದೆ. ಬೀಜದ ತಿರುಳಿನಲ್ಲಿ ಅಮಲಿನ ಅಂಶ ಹುಟ್ಟುವುದಿಲ್ಲ.

ಈ ರಾಳದಲ್ಲಿ ನೂರಕ್ಕೂ ಮಿಕ್ಕಿ ಒಂದೇ ಬಗೆಯ ಸಂಯುಕ್ತಗಳಿವೆ. ಅವುಗಳಿಗೆ ‘ಕ್ಯಾನಬಿನಾಯ್ಡ್’ಗಳೆಂದು ಹೆಸರು. ಇವುಗಳಲ್ಲಿ ಪ್ರಮುಖವಾದವು ಎರಡು: ಟೆಟ್ರಾಹೈಡ್ರೊಕ್ಯಾನಬಿನಾಲ್ ಮತ್ತು ಕ್ಯಾನಬಿಡಿಯಾಲ್. ಸಂಕ್ಷೇಪದಲ್ಲಿ ಮೊದಲನೆಯದನ್ನು ಟಿ.ಎಚ್.ಸಿ. ಎಂದೂ ಎರಡನೆಯದನ್ನು ಸಿ.ಬಿ.ಡಿ. ಎಂದೂ ಕರೆಯುವುದು ವಾಡಿಕೆ. ಇವೆರಡೂ ಗಿಡದಲ್ಲಿ ಒಂದೇ ತಾಯಿವಸ್ತುವಿನಿಂದ ಹುಟ್ಟುವ ಅಣ್ಣತಮ್ಮಂದಿರು. ಗಿಡವು ಯಾವ ಕಿಣ್ವವನ್ನು ವಂಶಪಾರಂಪರ್ಯವಾಗಿ ಪಡೆದಿದೆಯೋ ಅದರಂತೆ ತಾಯಿವಸ್ತುವು ಒಂದು ಕಡೆಗೆ ಅಥವಾ ಇನ್ನೊಂದು ಕಡೆಗೆ ತಿರುಗುತ್ತದೆ. ಅಮಲಿಗಾಗಿ ತಲೆತಲಾಂತರದಿಂದ ಆಯ್ದು ಬೆಳೆಸಿದ ತಳಿಗಳಲ್ಲಿ ಟಿ.ಎಚ್.ಸಿ. ಅಧಿಕ, ನಾರಿಗಾಗಿ ಬೆಳೆಸಿದ ತಳಿಗಳಲ್ಲಿ ಸಿ.ಬಿ.ಡಿ. ಅಧಿಕ. ಎಲೆಯ ಆಕಾರವನ್ನು ನೋಡಿ ಈ ಭೇದವನ್ನು ಹೇಳಲಾಗದು.

೨. ಶೋಧನೆಯ ಇತಿಹಾಸ

ಭಾರತೀಯ ವೈದ್ಯಶಾಸ್ತ್ರಕ್ಕೆ ಭಂಗಿಯು ಅಪರಿಚಿತವಲ್ಲ. ಶಾರ್ಙ್ಗಧರ ಸಂಹಿತೆಯು ಅದನ್ನು ಅಫೀಮಿನೊಡನೆ ‘ವ್ಯವಾಯಿ’ ದ್ರವ್ಯಗಳ ಉದಾಹರಣೆಯಾಗಿ ಎತ್ತಿ ಹೇಳುತ್ತದೆ. ಜೀರ್ಣವಾಗುವುದಕ್ಕೆ ಮುಂಚೆಯೇ ದೇಹವನ್ನೆಲ್ಲ ವ್ಯಾಪಿಸುವುದು ವ್ಯವಾಯಿಯ ಲಕ್ಷಣ. ಆಯುರ್ವೇದದಲ್ಲಿ ಇದಕ್ಕೆ ವಿಜಯಾ ಎಂಬ ಹೆಸರೂ ಉಂಟು. ಪಾಶ್ಚಾತ್ಯ ವೈದ್ಯಕ್ಕೆ ಇದನ್ನು ವಿಧಿವತ್ತಾಗಿ ಪರಿಚಯಿಸಿದವನು ಕಲ್ಕತ್ತಾ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕನಾಗಿದ್ದ ಓಷಾನೆಸ್ಸಿ. ಮುಂದೆ ಭಾರತದ ತಂತಿವ್ಯವಸ್ಥೆಯನ್ನು ಕಟ್ಟಿದವನೂ ಆತನೇ. ೧೮೩೯ರಲ್ಲಿ ಅವನು ಧನುರ್ವಾಯು, ಸಂಧಿವಾತ, ಮಕ್ಕಳ ಸೆಳವು ಮೊದಲಾದ ವ್ಯಾಧಿಗಳಲ್ಲಿ ಗಾಂಜಾದ ಸಾರವನ್ನು ಪ್ರಯೋಗಿಸಿ ಫಲಿತಾಂಶಗಳನ್ನು ಪ್ರಕಟಿಸಿದನು.

ಆದರೆ ಆ ಔಷಧವು ವೈದ್ಯರ ಕೈಯಲ್ಲಿ ಬಹುಕಾಲ ನಿಲ್ಲಲಿಲ್ಲ. ಅದಕ್ಕೆ ಕಾರಣ ಸ್ಪಷ್ಟವಾಗಿದೆ. ಅಫೀಮಿನಿಂದ ಮಾರ್ಫೀನನ್ನು ಹರಳಿನ ರೂಪದಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿಯೇ ಬೇರ್ಪಡಿಸಿದ್ದರು. ಅದನ್ನು ಗುಂಜಿಯಷ್ಟು ತೂಗಿ ಕೊಡಬಹುದಾಗಿತ್ತು. ಭಂಗಿಯ ಸಾರವಾದರೋ ನೀರಿನಲ್ಲಿ ಕರಗದ ಅಂಟೆಣ್ಣೆ. ಒಂದು ಸೀಸೆಯ ಔಷಧಕ್ಕೂ ಮತ್ತೊಂದು ಸೀಸೆಯ ಔಷಧಕ್ಕೂ ಬಲದಲ್ಲಿ ಹೋಲಿಕೆಯೇ ಇರುತ್ತಿರಲಿಲ್ಲ. ಗುಣ ಕೊಡುವುದು ಯಾವುದು, ಅಮಲು ಏರಿಸುವುದು ಯಾವುದು ಎಂಬುದೂ ತಿಳಿದಿರಲಿಲ್ಲ. ೧೮೯೩–೯೪ರಲ್ಲಿ ಬ್ರಿಟಿಷ್ ಸರಕಾರವು ನೇಮಿಸಿದ ಆಯೋಗವು ದೇಶದಾದ್ಯಂತ ೧,೧೯೩ ಸಾಕ್ಷಿಗಳನ್ನು ವಿಚಾರಿಸಿತು. ಮಿತವಾದ ಬಳಕೆಯಿಂದ ಹೇಳುವಂಥ ಹಾನಿಯಿಲ್ಲ, ಅತಿಬಳಕೆಯಿಂದ ಹಾನಿಯುಂಟು ಎಂಬ ನಿರ್ಣಯಕ್ಕೆ ಅದು ಬಂದಿತು. ಹುಚ್ಚಾಸ್ಪತ್ರೆಗಳ ದಾಖಲೆಗಳಲ್ಲಿ ಗಾಂಜಾವೇ ರೋಗಕಾರಣವೆಂದು ಬರೆದ ಎಷ್ಟೋ ಪ್ರಕರಣಗಳಿಗೆ ತಕ್ಕ ಆಧಾರವಿಲ್ಲವೆಂದೂ ಅದು ಕಂಡುಕೊಂಡಿತು. ಆದರೆ ಆ ಆಯೋಗದ ಕಾಲಕ್ಕೆ ಗಿಡದ ರಸಾಯನವೇ ತಿಳಿದಿರಲಿಲ್ಲ ಎಂಬುದನ್ನು ಇಲ್ಲಿ ಮರೆಯಲಾಗದು.

ಸಿ.ಬಿ.ಡಿ.ಯನ್ನು ೧೯೪೦ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ರೋಜರ್ ಆಡಮ್ಸ್ ಬೇರ್ಪಡಿಸಿದನು. ಅದರ ನಿಜವಾದ ರಚನೆಯನ್ನು ೧೯೬೩ರಲ್ಲಿ ಇಸ್ರೇಲಿನ ರಾಫೇಲ್ ಮೆಶೂಲಮ್ ಮತ್ತು ಸಂಗಡಿಗರು ನಿರ್ಧರಿಸಿದರು. ಮರುವರ್ಷ ಮೆಶೂಲಮ್ ಹಾಗೂ ಗಾವೋನಿ ಇಬ್ಬರೂ ಸೇರಿ, ಪೊಲೀಸರು ವಶಪಡಿಸಿಕೊಂಡಿದ್ದ ೫ ಕಿಲೊ ಚರಸಿನ ಸಹಾಯದಿಂದ ಟಿ.ಎಚ್.ಸಿ.ಯನ್ನು ಶುದ್ಧರೂಪದಲ್ಲಿ ಪಡೆದು ಅದರ ರಚನೆಯನ್ನು ಪ್ರಕಟಿಸಿದರು. ಅಮಲಿನ ಮೂಲವು ಇದೇ ಎಂಬುದು ಆಗ ಖಚಿತವಾಯಿತು.

೩. ಒಂದೇ ಲೆಕ್ಕದ ಪರಮಾಣು, ಬೇರೆ ಆಕಾರ

ರಸಾಯನಶಾಸ್ತ್ರವನ್ನು ಕಲಿಸುವ ಶಿಕ್ಷಕರಿಗೆ ಇದಕ್ಕಿಂತ ಸೊಗಸಾದ ಉದಾಹರಣೆ ದೊರೆಯುವುದು ವಿರಳ. ಟಿ.ಎಚ್.ಸಿ.ಯ ಅಣುವಿನಲ್ಲಿ ೨೧ ಇಂಗಾಲ, ೩೦ ಜಲಜನಕ, ೨ ಆಮ್ಲಜನಕ ಪರಮಾಣುಗಳಿವೆ. ಸಿ.ಬಿ.ಡಿ.ಯಲ್ಲಿಯೂ ಅಷ್ಟೇ. ಎರಡರ ಅಣುತೂಕವೂ ಒಂದೇ. ವ್ಯತ್ಯಾಸವಿರುವುದು ಜೋಡಣೆಯಲ್ಲಿ. ಟಿ.ಎಚ್.ಸಿ.ಯಲ್ಲಿ ಒಂದು ಆಮ್ಲಜನಕವು ಎರಡು ಕಡೆಯ ಇಂಗಾಲವನ್ನು ಹಿಡಿದು ಬಳೆಯಂತೆ ಒಂದು ಉಂಗುರವನ್ನು ಮುಚ್ಚುತ್ತದೆ. ಸಿ.ಬಿ.ಡಿ.ಯಲ್ಲಿ ಆ ಉಂಗುರವು ತೆರೆದೇ ಇರುತ್ತದೆ. ಇದರಿಂದ ಮೊದಲನೆಯ ಅಣುವು ಚಪ್ಪಟೆಯಾಗಿಯೂ ಎರಡನೆಯದು ನಡುವೆ ಬಾಗಿದಂತೆಯೂ ಆಗುತ್ತದೆ.

ಈ ಅಲ್ಪಭೇದದಿಂದ ಮಿದುಳಿನಲ್ಲಿ ಆಗುವ ಪರಿಣಾಮ ಅಲ್ಪವಲ್ಲ. ೧೯೮೮ರಲ್ಲಿ ಅಮೆರಿಕದ ವಿಜ್ಞಾನಿಗಳು ನರಕೋಶಗಳ ಮೇಲೆ ಟಿ.ಎಚ್.ಸಿ. ಹೋಗಿ ಕೂಡುವ ವಿಶೇಷ ಗ್ರಾಹಿಗಳನ್ನು ಕಂಡುಹಿಡಿದರು. ಇವುಗಳಿಗೆ ‘ಸಿ.ಬಿ.-೧’ ಎಂದು ಹೆಸರು. ಯಾವ ಹೊರಗಿನ ಗಿಡಕ್ಕಾಗಿಯೋ ಮಿದುಳು ಕೀಲಿ ಮಾಡಿ ಇಟ್ಟುಕೊಂಡಿರಲಾರದು. ಅದಕ್ಕೆ ಒಳಗಿನದೇ ಒಂದು ಕೀಲಿಕೈ ಇರಬೇಕು ಎಂದು ತರ್ಕಿಸಿ ಹುಡುಕಿದಾಗ, ೧೯೯೨ರಲ್ಲಿ ಜೆರುಸಲೇಮಿನ ಪ್ರಯೋಗಾಲಯದಲ್ಲಿ ದೇಹವೇ ತಯಾರಿಸುವ ವಸ್ತುವೊಂದು ದೊರೆಯಿತು. ಅದಕ್ಕೆ ಅವರು ಸಂಸ್ಕೃತದ ‘ಆನಂದ’ ಶಬ್ದವನ್ನು ಆರಿಸಿ ‘ಆನಂದಮೈಡ್’ ಎಂದು ನಾಮಕರಣ ಮಾಡಿದುದು ಕನ್ನಡ ಓದುಗರಿಗೆ ವಿಶೇಷವೆನಿಸದಿರದು.

ಇದರ ಕೆಲಸವನ್ನು ಒಂದು ಹೋಲಿಕೆಯಿಂದ ವಿವರಿಸಬಹುದು. ಕೆರೆಯ ಕೆಳಗಿನ ಗದ್ದೆಗೆ ನೀರು ಸಾಕಾದಾಗ ರೈತನು ತೂಬು ತಗ್ಗಿಸುವಂತೆ ಮೇಲಕ್ಕೆ ಹೇಳಿ ಕಳುಹಿಸುತ್ತಾನೆ. ಅದೇ ರೀತಿ ಸಂದೇಶವನ್ನು ಪಡೆಯುತ್ತಿರುವ ನರಕೋಶವು ಸಾಕಾದೊಡನೆ ಆನಂದಮೈಡಿನಂಥ ವಸ್ತುವನ್ನು ಬಿಡುಗಡೆ ಮಾಡಿ, ಕಳುಹಿಸುತ್ತಿರುವ ಕೋಶಕ್ಕೆ ‘ಇಷ್ಟು ಸಾಕು’ ಎಂದು ಸೂಚಿಸುತ್ತದೆ. ಬೇಕಾದ ಗದ್ದೆಗೆ, ಬೇಕಾದ ಕ್ಷಣದಲ್ಲಿ ಮಾತ್ರ ನಡೆಯುವ ಕ್ರಮವಿದು. ಕೆಲಸ ಮುಗಿದೊಡನೆ ಆ ವಸ್ತುವು ಕರಗಿಹೋಗುತ್ತದೆ. ಟಿ.ಎಚ್.ಸಿ. ದೇಹವನ್ನು ಹೊಕ್ಕಾಗ ಯಾರೂ ಹೇಳಿ ಕಳುಹಿಸದೆಯೇ ಊರಿನ ಎಲ್ಲ ತೂಬುಗಳನ್ನೂ ಗಂಟೆಗಟ್ಟಲೆ ತಗ್ಗಿಸಿದಂತಾಗುತ್ತದೆ. ಸಿ.ಬಿ.ಡಿ.ಯ ಬಾಗಿದ ಅಣುವು ಈ ಕೀಲಿಗೆ ಸರಿಯಾಗಿ ಕೂಡುವುದಿಲ್ಲ. ಆದುದರಿಂದ ಅದರಿಂದ ಅಮಲೇರುವುದಿಲ್ಲ. ಅದು ಬೇರೆ ಹಲವು ಮಾರ್ಗಗಳಿಂದ ನರಕೋಶದ ಅತಿಯಾದ ಉದ್ರೇಕವನ್ನು ತಗ್ಗಿಸುತ್ತದೆಂದು ವಿಜ್ಞಾನಿಗಳು ಅಭಿಪ್ರಾಯಪಡುತ್ತಾರೆ.

೪. ಟಿ.ಎಚ್.ಸಿ.ಯ ಪರಿಣಾಮಗಳು

ಸಿ.ಬಿ.-೧ ಗ್ರಾಹಿಗಳು ಎಲ್ಲೆಲ್ಲಿ ದಟ್ಟವಾಗಿವೆಯೋ ಅಲ್ಲಲ್ಲಿ ಟಿ.ಎಚ್.ಸಿ.ಯ ಪ್ರಭಾವ ಕಾಣುತ್ತದೆ. ನೆನಪನ್ನು ಕೂಡಿಡುವ ಭಾಗದಲ್ಲಿ ಅವು ಹೇರಳವಾಗಿರುವುದರಿಂದ ಈಗತಾನೆ ಓದಿದುದು ನಿಲ್ಲದಾಗುತ್ತದೆ. ಕಿರುಮಿದುಳಿನಲ್ಲಿರುವುದರಿಂದ ಕೈಕಾಲುಗಳ ಹೊಂದಾಣಿಕೆ ತಪ್ಪುತ್ತದೆ. ವಾಹನ ನಡೆಸುವುದು ಅಪಾಯಕರವಾಗುತ್ತದೆ. ಕಾಲದ ಅಳತೆ ಕೆಡುತ್ತದೆ, ಹಸಿವು ಹೆಚ್ಚುತ್ತದೆ, ಹೃದಯದ ಬಡಿತ ಏರುತ್ತದೆ. ಅಲ್ಪ ಪ್ರಮಾಣದಲ್ಲಿ ಉಲ್ಲಾಸವನ್ನುಂಟುಮಾಡುವ ವಸ್ತುವೇ ಅಧಿಕ ಪ್ರಮಾಣದಲ್ಲಿ ಭಯ, ಸಂಶಯ, ಭ್ರಮೆಗಳನ್ನು ತರುತ್ತದೆ. ಉಸಿರಾಟವನ್ನು ನಡೆಸುವ ಮಿದುಳಿನ ಬುಡಭಾಗದಲ್ಲಿ ಈ ಗ್ರಾಹಿಗಳು ಬಹು ಕಡಿಮೆ. ಅಫೀಮಿನ ವರ್ಗದ ದ್ರವ್ಯಗಳಂತೆ ಇದು ಉಸಿರು ನಿಲ್ಲಿಸಿ ಕೊಲ್ಲದಿರುವುದಕ್ಕೆ ಇದೇ ಕಾರಣ. ಹೀಗೆಂದಮಾತ್ರಕ್ಕೆ ಇದು ನಿರಪಾಯಕಾರಿಯೆಂದು ತಿಳಿಯತಕ್ಕದ್ದಲ್ಲ.

ದೇಹವನ್ನು ಸೇರುವ ಮಾರ್ಗವೂ ಮುಖ್ಯವಾದುದು. ಚಿಲುಮೆಯಲ್ಲಿ ಸೇದಿದಾಗ ಕೆಲವೇ ನಿಮಿಷಗಳಲ್ಲಿ ಅಮಲು ಏರುತ್ತದೆ. ಭಂಗಿಯ ಪಾನಕವಾಗಿ ಕುಡಿದಾಗ ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೂ ಏನೂ ತೋರದಿರಬಹುದು. ಅಷ್ಟರಲ್ಲಿ ‘ಏನೂ ಆಗಲಿಲ್ಲ’ ಎಂದು ಮತ್ತೊಂದು ಲೋಟ ಕುಡಿದವನು ಎರಡರ ಭಾರವನ್ನೂ ಒಟ್ಟಿಗೆ ಹೊರಬೇಕಾಗುತ್ತದೆ. ಹೋಳಿಹುಣ್ಣಿಮೆ, ಶಿವರಾತ್ರಿಗಳ ಮರುದಿನ ಆಸ್ಪತ್ರೆಗೆ ಬರುವವರಲ್ಲಿ ಇಂಥವರೂ ಇರುತ್ತಾರೆ. ಹೊಟ್ಟೆಯ ಮಾರ್ಗವಾಗಿ ಹೋದ ಟಿ.ಎಚ್.ಸಿ. ಯಕೃತ್ತಿನಲ್ಲಿ ಮತ್ತೊಂದು ಪ್ರಬಲ ರೂಪಕ್ಕೆ ತಿರುಗುವುದರಿಂದ ಅದರ ಅಮಲು ದೀರ್ಘಕಾಲ ಇರುತ್ತದೆ.

ವಯಸ್ಸಿನ ವಿಚಾರವು ಶಾಲೆಗಳಿಗೆ ಎಲ್ಲಕ್ಕಿಂತ ಮುಖ್ಯ. ಮನುಷ್ಯನ ಮಿದುಳು ಸುಮಾರು ೨೫ನೆಯ ವಯಸ್ಸಿನವರೆಗೂ ಬಲಿಯುತ್ತಿರುತ್ತದೆ. ವಿವೇಚನೆ, ಸಂಯಮಗಳಿಗೆ ಆಸರೆಯಾದ ಮುಂಭಾಗವು ಕೊನೆಗೆ ಪಕ್ವವಾಗುತ್ತದೆ. ಬಳಸಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬನು ವ್ಯಸನಕ್ಕೆ ಬೀಳುತ್ತಾನಾದರೆ, ಹದಿವಯಸ್ಸಿನಲ್ಲಿ ಆರಂಭಿಸಿದವರಲ್ಲಿ ಸುಮಾರು ಆರರಲ್ಲಿ ಒಬ್ಬನು ಬೀಳುತ್ತಾನೆ. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರಿದ ೪೫,೫೭೦ ಯುವಕರನ್ನು ೧೫ ವರ್ಷಗಳ ಕಾಲ ಗಮನಿಸಿ ೧೯೮೭ರಲ್ಲಿ ಪ್ರಕಟಿಸಿದ ಅಧ್ಯಯನವು ಪ್ರಸಿದ್ಧವಾಗಿದೆ. ಅದರಂತೆ ೧೮ನೆಯ ವಯಸ್ಸಿನೊಳಗೆ ೫೦ಕ್ಕಿಂತ ಹೆಚ್ಚು ಬಾರಿ ಬಳಸಿದವರಲ್ಲಿ ಸ್ಕಿಜೋಫ್ರೇನಿಯಾ ಎಂಬ ಮನೋರೋಗವು ಬಳಸದವರಿಗಿಂತ ೬ ಪಟ್ಟು ಅಧಿಕವಾಗಿ ಕಂಡುಬಂದಿತು. ಬಳಸಿದವರೆಲ್ಲರಿಗೂ ರೋಗ ಬಾರದು. ಮನೆತನದಲ್ಲಿ ಅಂಥ ರೋಗವಿದ್ದವರಿಗೆ ಅಪಾಯವು ಹೆಚ್ಚು. ಆದರೆ ಯಾರಿಗೆ ಬರುವುದೆಂಬುದನ್ನು ಮುಂದಾಗಿ ಹೇಳುವ ಪರೀಕ್ಷೆಯಿಲ್ಲ.

ಟಿ.ಎಚ್.ಸಿ.ಗೂ ವೈದ್ಯಕೀಯ ಉಪಯೋಗವುಂಟು. ಕ್ಯಾನ್ಸರ್ ಚಿಕಿತ್ಸೆಯಿಂದ ಬರುವ ವಾಂತಿಯನ್ನು ತಡೆಯಲು ಪ್ರಯೋಗಾಲಯದಲ್ಲಿ ತಯಾರಿಸಿದ ಟಿ.ಎಚ್.ಸಿ.ಯ ಗುಳಿಗೆಗೆ ಅಮೆರಿಕದಲ್ಲಿ ೧೯೮೫ರಲ್ಲಿ ಅನುಮತಿ ದೊರೆಯಿತು. ಆದರೆ ಬಹುವರ್ಷ ಅತಿಯಾಗಿ ಗಾಂಜಾ ಸೇದಿದವರಲ್ಲಿ ಕೆಲವರಿಗೆ ನಿಲ್ಲದ ವಾಂತಿಯ ವ್ಯಾಧಿಯೇ ಅಂಟಿಕೊಳ್ಳುತ್ತದೆ. ಪ್ರಮಾಣ ಮೀರಿದಾಗ ಗುಣವೇ ದೋಷವಾಗುವುದಕ್ಕೆ ಇದು ನಿದರ್ಶನ.

೫. ಸಿ.ಬಿ.ಡಿ.ಯ ಪರಿಣಾಮಗಳು

ಸಿ.ಬಿ.ಡಿ. ಅಮಲೇರಿಸುವುದಿಲ್ಲ, ಶುದ್ಧ ಸಿ.ಬಿ.ಡಿ.ಯಿಂದ ವ್ಯಸನ ಹತ್ತಿದ ಕುರುಹಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ೨೦೧೮ರಲ್ಲಿ ಅಭಿಪ್ರಾಯಪಟ್ಟರು. ಇದರ ಉಪಯೋಗವು ಅತ್ಯಂತ ದೃಢವಾಗಿ ಸಿದ್ಧವಾಗಿರುವುದು ಮಕ್ಕಳಲ್ಲಿ ಕಾಣುವ, ಬೇರೆ ಔಷಧಗಳಿಗೆ ಜಗ್ಗದ ಕೆಲವು ವಿರಳ ಮೂರ್ಛೆರೋಗಗಳಲ್ಲಿ. ಡ್ರಾವೆ ಎಂಬ ವ್ಯಾಧಿಯಿಂದ ಪೀಡಿತರಾದ ೧೨೦ ಮಕ್ಕಳು ಮತ್ತು ತರುಣರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶವು ೨೦೧೭ರಲ್ಲಿ ಪ್ರಕಟವಾಯಿತು. ಔಷಧ ಪಡೆದವರಲ್ಲಿ ತಿಂಗಳಿಗೆ ಬರುತ್ತಿದ್ದ ಸೆಳವುಗಳ ಮಧ್ಯಮ ಸಂಖ್ಯೆ ೧೨.೪ರಿಂದ ೫.೯ಕ್ಕೆ ಇಳಿಯಿತು, ಹುಸಿಔಷಧ ಪಡೆದವರಲ್ಲಿ ೧೪.೯ ಇದ್ದುದು ೧೪.೧ ಆಯಿತು. ಇದನ್ನನುಸರಿಸಿ ೨೦೧೮ರ ಜೂನ್ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ಎಪಿಡಿಯೊಲೆಕ್ಸ್ ಎಂಬ ಶುದ್ಧ ಸಿ.ಬಿ.ಡಿ. ಔಷಧಕ್ಕೆ ಸಮ್ಮತಿಯಿತ್ತಿತು.

ಇಲ್ಲಿ ಗಮನಿಸತಕ್ಕ ಅಂಶಗಳು ಮೂರು. ಮೊದಲನೆಯದಾಗಿ, ಆ ಪರೀಕ್ಷೆಯಲ್ಲಿ ಕೊಟ್ಟ ಪ್ರಮಾಣವು ದೇಹದ ತೂಕದ ಪ್ರತಿ ಕಿಲೊಗೆ ದಿನಕ್ಕೆ ೨೦ ಮಿಲಿಗ್ರಾಂ. ೨೦ ಕಿಲೊ ತೂಕದ ಮಗುವಿಗೆ ಇದು ದಿನಕ್ಕೆ ೪೦೦ ಮಿಲಿಗ್ರಾಂ ಆಗುತ್ತದೆ; ಅಂಗಡಿಯ ಸೀಸೆಯ ಕೆಲವು ಹನಿಗಳಿಂದ ಈ ಪ್ರಮಾಣವನ್ನು ಮುಟ್ಟಲಾಗದು. ಎರಡನೆಯದಾಗಿ, ಇದಕ್ಕೂ ಅಡ್ಡಪರಿಣಾಮಗಳುಂಟು: ತೂಕಡಿಕೆ, ಹಸಿವು ಕುಂದುವುದು, ಭೇದಿ, ಯಕೃತ್ತಿನ ಏರುಪೇರು. ಮೂರನೆಯದಾಗಿ, ಮೂರ್ಛೆರೋಗಕ್ಕೆ ಕೊಡುವ ಕ್ಲೋಬಜಾಮ್ ಔಷಧದ ಪ್ರಭಾವವನ್ನು ಇದು ರಕ್ತದಲ್ಲಿ ಹೆಚ್ಚಿಸುತ್ತದೆ. ವಾಲ್‌ಪ್ರೊಯೇಟ್ ಜೊತೆಗೆ ಸೇರಿದಾಗ ಯಕೃತ್ತಿಗೆ ತೊಂದರೆಯ ಸಂಭವ ಅಧಿಕ. ಆದಕಾರಣ ವೈದ್ಯರ ಮೇಲ್ವಿಚಾರಣೆಯಿಲ್ಲದೆ ಇದನ್ನು ಕೊಡಬಾರದು. ಕೊಡುತ್ತಿರುವ ಔಷಧವನ್ನು ನಿಲ್ಲಿಸಿ ಇದನ್ನು ಹಿಡಿಯುವುದಂತೂ ಪ್ರಾಣಾಪಾಯಕ್ಕೆ ದಾರಿ.

ಇದಕ್ಕಿಂತಲೂ ಗಂಭೀರವಾದ ತಪ್ಪು ಇನ್ನೊಂದುಂಟು. ‘ಭಂಗಿಯಿಂದ ಫಿಟ್ಸ್ ನಿಲ್ಲುತ್ತದೆ’ ಎಂಬ ಅರೆಬರೆ ಸುದ್ದಿಯನ್ನು ನಂಬಿ ಮಗುವಿಗೆ ಭಂಗಿಯ ಸೊಪ್ಪನ್ನೋ ಗಾಂಜಾವನ್ನೋ ಅರೆದು ಕುಡಿಸಿದರೆ, ಆ ಮಗುವಿಗೆ ದೊರೆಯುವುದು ಬಹುಮಟ್ಟಿಗೆ ಟಿ.ಎಚ್.ಸಿ.; ಗುಣ ಕೊಟ್ಟ ಸಿ.ಬಿ.ಡಿ. ಅದರಲ್ಲಿ ಅತ್ಯಲ್ಪವಾಗಿರಬಹುದು. ಗಿಡದ ಹೆಸರನ್ನು ಮಾತ್ರ ಬಲ್ಲವನು ಮಾಡುವ ಅನಾಹುತವಿದು.

೬. ಎರಡೂ ಕೂಡಿದಾಗ

ಎರಡನ್ನೂ ಸಮಪ್ರಮಾಣದಲ್ಲಿ ಬೆರೆಸಿ ತಯಾರಿಸಿದ, ಬಾಯಿಯೊಳಗೆ ಸಿಂಪಡಿಸುವ ಔಷಧವೊಂದಕ್ಕೆ ೨೦೧೦ರಲ್ಲಿ ಬ್ರಿಟನ್ನಿನಲ್ಲಿ ಅನುಮತಿ ದೊರೆಯಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಲ್ಲಿ ಸ್ನಾಯುಗಳು ಬಿಗಿಯುವುದನ್ನು ಅದು ಸಡಿಲಿಸುತ್ತದೆ. ಸಿ.ಬಿ.ಡಿ. ಜೊತೆಗಿದ್ದರೆ ಟಿ.ಎಚ್.ಸಿ.ಯ ಕೆಡುಕು ತಗ್ಗುತ್ತದೆಂಬ ನಂಬಿಕೆಯೊಂದು ಪ್ರಚಾರದಲ್ಲಿದೆ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ೪೬ ಆರೋಗ್ಯವಂತ ಸ್ವಯಂಸೇವಕರ ಮೇಲೆ ನಡೆಸಿ ೨೦೨೨ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಟಿ.ಎಚ್.ಸಿ.ಯ ಮೂರು ಪಟ್ಟು ಸಿ.ಬಿ.ಡಿ. ಬೆರೆಸಿದಾಗಲೂ ಮರೆವಾಗಲಿ ಭ್ರಮೆಯಾಗಲಿ ತಗ್ಗಲಿಲ್ಲ. ಆದುದರಿಂದ ತಮ್ಮನು ಜೊತೆಗಿರುವನೆಂದು ಅಣ್ಣನನ್ನು ನಂಬುವಂತಿಲ್ಲ. ರಾಳವು ಹಳೆಯದಾದಂತೆ ಟಿ.ಎಚ್.ಸಿ. ಕ್ಷಯಿಸಿ ಕ್ಯಾನಬಿನಾಲ್ ಎಂಬ ಮೂರನೆಯ ವಸ್ತುವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿಯೇ ಬೇರ್ಪಡಿಸಲಾದ ಇದರ ಅಮಲು ಬಹು ಕ್ಷೀಣವಾದುದು.

೭. ಕಾಯಿದೆಯ ಗೆರೆ

ಭಾರತದ ಮಾದಕದ್ರವ್ಯ ಕಾಯಿದೆಯು ೧೯೮೫ರ ನವೆಂಬರ್ ೧೪ರಂದು ಜಾರಿಗೆ ಬಂದಿತು. ಅದರಲ್ಲಿ ಹೂಗೊಂಚಲು ಗಾಂಜಾ ಎನಿಸುತ್ತದೆ; ಗೊಂಚಲಿನ ಸಂಗಡವಿಲ್ಲದ ಎಲೆ ಮತ್ತು ಬೀಜಗಳು ಗಾಂಜಾದ ವ್ಯಾಖ್ಯೆಯಿಂದ ಹೊರಗಿವೆ. ೨೦೨೨ರಲ್ಲಿ ಕರ್ನಾಟಕ ಹೈಕೋರ್ಟು ಜಾಮೀನು ಅರ್ಜಿಯೊಂದನ್ನು ವಿಚಾರಿಸುವಾಗ, ಭಂಗಿಯು ಈ ಕಾಯಿದೆಯಲ್ಲಿ ನಿಷಿದ್ಧವೆಂದು ಹೇಳಿಲ್ಲವೆಂಬುದನ್ನು ಎತ್ತಿ ತೋರಿಸಿತು. ಕಾಯಿದೆಯು ಎಳೆದ ಗೆರೆ ಗಿಡದ ಭಾಗಗಳ ನಡುವಿನದು. ರಸಾಯನದ ಗೆರೆ ಬೇರೆ. ಎಲೆಯಲ್ಲಿಯೂ ಟಿ.ಎಚ್.ಸಿ. ಇದ್ದೇ ಇದೆ, ಕಡಿಮೆ ಇದೆ ಅಷ್ಟೆ. ಔಷಧ ನಿಯಮಗಳ ‘ಇ-೧’ ಅನುಸೂಚಿಯು ಆಯುರ್ವೇದದಲ್ಲಿ ಬಳಸುವ ಭಂಗಿಯನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸತಕ್ಕ ವಿಷದ್ರವ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಹೊಲದಲ್ಲಿ ಅನುಮತಿಯಿಲ್ಲದೆ ಗಾಂಜಾ ಬೆಳೆಯುವುದಕ್ಕೆ ೧೦ ವರ್ಷಗಳವರೆಗೆ ಕಠಿಣ ಶಿಕ್ಷೆಯಾಗಬಹುದು. ಗೋವಿನಜೋಳದ ಸಾಲುಗಳ ನಡುವೆ ನಾಲ್ಕು ಗಿಡ ನೆಡುವಂತೆ ಆಸೆ ತೋರಿಸುವವರ ಮಾತಿಗೆ ಮರುಳಾಗುವ ರೈತನು ಇದನ್ನು ಅರಿತಿರುವುದು ಒಳಿತು.

ಅದೇ ಕಾಯಿದೆಯ ೬೪-ಎ ಕಲಮು ಕರುಣೆಯ ಬಾಗಿಲೊಂದನ್ನು ತೆರೆದಿಟ್ಟಿದೆ. ಅಲ್ಪಪ್ರಮಾಣದ ಅಥವಾ ಸೇವನೆಯ ಆರೋಪ ಹೊತ್ತ ವ್ಯಸನಿಯು ತಾನಾಗಿಯೇ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಳಗಾದರೆ ಮೊಕದ್ದಮೆಯಿಂದ ರಕ್ಷಣೆ ಪಡೆಯಬಹುದು.

೮. ಶಾಲೆಗಳ ಹೊಣೆ

ಕೇಂದ್ರ ಸರಕಾರದ ಪರವಾಗಿ ದೆಹಲಿಯ ಏಮ್ಸ್ ಸಂಸ್ಥೆಯು ನಡೆಸಿ ೨೦೧೯ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು ೩.೧ ಕೋಟಿ ಜನರು ಹಿಂದಿನ ಒಂದು ವರ್ಷದಲ್ಲಿ ಭಂಗಿ, ಗಾಂಜಾ ಅಥವಾ ಚರಸನ್ನು ಬಳಸಿದ್ದರು. ಅವರಲ್ಲಿ ಸುಮಾರು ೨೫ ಲಕ್ಷ ಮಂದಿ ವ್ಯಸನಕ್ಕೆ ಸಿಲುಕಿದ್ದರು. ಈ ಸಂಖ್ಯೆಯ ಹಿಂದೆ ಶಾಲೆ ಬಿಟ್ಟ ಹುಡುಗರೂ, ಅವರ ತಾಯಿತಂದೆಗಳೂ ಇದ್ದಾರೆ.

ಇಂಥ ಸಂದರ್ಭದಲ್ಲಿ ಶಿಕ್ಷಕನ ಮುಖ್ಯ ಬಂಡವಾಳವೆಂದರೆ ಅವನ ಮಾತಿನ ಮೇಲೆ ವಿದ್ಯಾರ್ಥಿಗಿರುವ ನಂಬಿಕೆ. ಒಮ್ಮೆ ಸೇದಿದರೆ ಹುಚ್ಚು ಹಿಡಿಯುವುದೆಂದು ಹೆದರಿಸಿದ ಹುಡುಗನು, ಸೇದಿಯೂ ನೆಟ್ಟಗಿರುವ ಗೆಳೆಯನನ್ನು ಕಂಡ ದಿನವೇ ಆ ನಂಬಿಕೆಯನ್ನು ಕಳೆದುಕೊಳ್ಳುತ್ತಾನೆ. ಆಮೇಲೆ ಹೇಳಿದ ಸತ್ಯವೂ ಅವನ ಕಿವಿಯನ್ನು ಹೊಗುವುದಿಲ್ಲ. ಅದರ ಬದಲು ಉಂಗುರ ಮುಚ್ಚಿದ ಅಣುವನ್ನೂ ತೆರೆದ ಅಣುವನ್ನೂ ಕರಿಹಲಗೆಯ ಮೇಲೆ ಬರೆದು ತೋರಿಸಿ, ಔಷಧವೆನಿಸಿದುದು ಯಾವುದು, ಹದಿವಯಸ್ಸಿನ ಮಿದುಳಿಗೆ ಹಾನಿ ತರುವುದು ಯಾವುದು ಎಂದು ಬಿಡಿಸಿ ಹೇಳಿದರೆ, ‘ವಿದೇಶದಲ್ಲಿ ಔಷಧ’ ಎಂಬ ವಾದಕ್ಕೆ ಹುಡುಗನೇ ಉತ್ತರ ಕೊಡಬಲ್ಲನು.

ವ್ಯಸನಕ್ಕೆ ಬಿದ್ದವನನ್ನು ಶಾಲೆಯಿಂದ ಹೊರಗಟ್ಟುವುದು ಸುಲಭ. ಆದರೆ ಅವನನ್ನು ಕಾಯ್ದುಕೊಳ್ಳಲು ಆ ಒಂದು ಕಡೆಯನ್ನೂ ಅದು ಕಸಿದಂತಾಗುತ್ತದೆ. ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯು ಈ ಸೀಮೆಗೆ ದೂರದ್ದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ೧೪೪೪೬ ಸಂಖ್ಯೆಯ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿಯೂ, ೧೪೪೧೬ ಸಂಖ್ಯೆಯ ಟೆಲಿ-ಮಾನಸ್ ಸೇವೆಯೂ ದೂರವಾಣಿಯಲ್ಲಿ ಉಚಿತವಾಗಿ ದೊರೆಯುತ್ತವೆ. ವೈದ್ಯರೂ ಔಷಧ ವ್ಯಾಪಾರಿಗಳೂ ಆಗಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ತರಗತಿಗೆ ಬಂದು ಈ ವಿಷಯವನ್ನು ವಿವರಿಸಿದರೆ, ದಾನಿಗಳು ಶಾಲೆಯ 	ಪ್ರಯೋಗಾಲಯಕ್ಕೆ ಅಣುರಚನೆಯ ಮಾದರಿಗಳನ್ನು ಒದಗಿಸಿದರೆ, ಅದು ಸಣ್ಣ ಸೇವೆಯೆನಿಸದು. ಪುಂಡಿಯನ್ನೂ ಸೆಣಬನ್ನೂ ಭಂಗಿಯನ್ನೂ ಹೊಲದಲ್ಲಿ ಬೇರೆ ಮಾಡಿ ಗುರುತಿಸಬಲ್ಲ ರೈತನ ಮಗನಿಗೆ, ಒಂದೇ ಗಿಡದೊಳಗಿನ ಎರಡು ಗುಣಗಳನ್ನು ಬೇರೆ ಮಾಡಿ ತಿಳಿಯುವ ಶಕ್ತಿಯೂ ಇದೆ. ಆ ಶಕ್ತಿಯನ್ನು ಎಚ್ಚರಿಸುವುದೇ ವಿದ್ಯೆಯ ಕೆಲಸ.